ಕೀ ತೆಗೆದರೂ ನಿಲ್ಲದ ಎಂಜಿನ್

ಬಸಲಿಂಗ ಬಾಗಲಕೋಟೆ ಕಡೆಯವನು. ರಾಜಗೋಪಾಲನಗರದಿಂದ ಮಾಕಳಿಯ ಫ್ಯಾಕ್ಟರಿಯೊಂದಕ್ಕೆ ಕೆಲಸದ ಹೆಂಗಸರನ್ನು ಮಿನಿಬಸ್ಸಿನಲ್ಲಿ ಬಿಡುತ್ತಿದ್ದ. ತಿಂಗಳಿನಿಂದ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬರುತ್ತಿತ್ತು. ಆಯಿಲ್ ಇಳಿಯುತ್ತಿತ್ತು. ದಿನಾ ಸ್ವಲ್ಪ ಸುರಿದು ಹೊರಡುತ್ತಿದ್ದ. ಭಾನುವಾರ ತೋರಿಸಿದರಾಯಿತು ಅನ್ನುತ್ತಲೇ ನಾಲ್ಕು ಭಾನುವಾರ ಕಳೆದವು.

ಆ ಮಂಗಳವಾರ ಬಸ್ಸಿನಲ್ಲಿ ಹದಿನೆಂಟು ಜನ, ಅದೇ ಫ್ಯಾಕ್ಟರಿಯಲ್ಲಿ ದುಡಿಯುವ ಹೆಂಡತಿ ಮಹಾನಂದಾಳೂ ಸೇರಿ. ಸರ್ವಿಸ್ ರೋಡಿಗೆ ಇಳಿಯುತ್ತ ಆಕ್ಸಿಲರೇಟರಿನಿಂದ ಕಾಲು ತೆಗೆದ. ಎಂಜಿನ್ ಸದ್ದು ಇಳಿಯಲಿಲ್ಲ, ಏರಿತು. ಕ್ಲಚ್ ತುಳಿದರೆ ಕಿರುಚಿಕೊಂಡಿತು. ಹೇಗೋ ಬದಿಗೆ ನಿಲ್ಲಿಸಿ ಕೀ ಕಿತ್ತ. ಆದರೂ ಓಡುತ್ತಲೇ ಇತ್ತು. ಹಿಂದೆಲ್ಲ ಹೊಗೆ.

"ಇಳೀರಿ! ಎಲ್ಲಾರೂ ಇಳೀರಿ!"

ಬಾಗಿಲಲ್ಲಿ ನೂಕಾಟ. ವಯಸ್ಸಾದ ದೇವಕ್ಕನನ್ನು ಹಿಡಿದು ಇಳಿಸಿದ ಮಹಾನಂದಾ, "ನೀವೂ ಬರ್ರೀ!" ಎಂದು ಅಳುತ್ತಾ ಕೂಗಿದಳು.

ಬಸಲಿಂಗ ಐದನೇ ಗೇರ್ ಹಾಕಿ, ಮೈಭಾರವೆಲ್ಲ ಬಿಟ್ಟು ಬ್ರೇಕ್ ತುಳಿದು, ಕ್ಲಚ್ಚನ್ನು ಒಮ್ಮೆಗೇ ಬಿಟ್ಟ. ಬಸ್ಸು ಗಡಗಡ ನಡುಗಿ, ಆ ಭಾರಕ್ಕೆ ಎಂಜಿನ್ ನಿಂತಿತು.

ಬಸ್ಸನ್ನು ಪೀಣ್ಯದ ಮೆಕ್ಯಾನಿಕ್ ಹನುಮಂತರಾಯಪ್ಪನ ಶೆಡ್ಡಿಗೆ ಎಳೆಸಿಕೊಂಡು ಹೋದರು. ಅವನು ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ನೋಡಿದ. ಚೆನ್ನಾಗಿತ್ತು. ಹಾಗಾದರೆ ಆಯಿಲ್ ತಡೆಯುವ ಪಿಸ್ಟನ್ ರಿಂಗ್ ಹೋಗಿರಲಿಲ್ಲ. ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಪೈಪನ್ನು, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋದಿಂದ ಕಳಚಿ, ಗಾಳಿ ಒಳಹೋಗುವ ಬಾಯಿಯ ಹತ್ತಿರ ಹಲಗೆ ಹಿಡಿದು ನಿಂತ.

"ಸ್ಟಾರ್ಟ್ ಮಾಡು."

ಬಸಲಿಂಗನ ಕೈ ಕೀ ಹತ್ತಿರ ಹೋಗಿ ನಿಂತುಬಿಟ್ಟಿತು.

"ಓಡಿದ್ರೆ ಹಲಗೆ ಮುಚ್ತೀನಿ, ಉಸ್ರು ಸಿಗದೆ ನಿಲ್ತದೆ. ತಿರುಗ್ಸು."

ತಿರುಗಿಸಿದ. ಸಡಿಲ ಮಾಡಿಟ್ಟಿದ್ದ ಆಯಿಲ್ ಮುಚ್ಚಳ ಕುಣಿದು ಕೆಳಗೆ ಬಿತ್ತು. ಒಳಗೆ ಅಷ್ಟು ಒತ್ತಡ. ಪೈಪ್ ಕಳಚಿದ್ದರಿಂದ ಈ ಸಲ ಆಫ್ ಮಾಡಿದಾಗ ಎಂಜಿನ್ ನಿಂತಿತು.

ಮರುದಿನ ಎಂಜಿನ್ನಿನ ಮೇಲಿನ ಹೆಡ್ ಬಿಚ್ಚಿದ ಹನುಮಂತರಾಯಪ್ಪ ವಾಲ್ವನ್ನು ಬೆರಳಲ್ಲಿ ಅಲುಗಿಸಿದ. ಅದನ್ನು ಬಿಗಿಯಾಗಿ ಹಿಡಿದಿರಬೇಕಾದ ಗೈಡ್ ಕೊಳವೆಯೊಳಗೆ ಅದು ಲಟಲಟ ಆಡಿತು.

"ಗೈಡ್ ಸವೆದೈತೆ. ಸೈಲೆನ್ಸರ್‌ಗೆ ಹೋಗೋ ಗ್ಯಾಸು ಇಲ್ಲಿಂದ ಒಳಕ್ಕೆ ನುಗ್ಗಿ, ಆಯಿಲನ್ನ ಬ್ರೀದರ್ ಪೈಪಲ್ಲಿ ಟರ್ಬೋಗೆ ತಳ್ಳೈತೆ. ಎಂಜಿನ್ ಅದ್ನೇ ಕುಡ್ಕೊಂಡು ಓಡ್ತು. ಕೀ ತೆಗ್ದು ಡೀಸೆಲ್ ನಿಲ್ಸಿದ್ರೆ ಏನ್ ಬಂತು?"

"ತಿಂಗಳಿಂದ ಹೊಗಿ ನೋಡಿದ್ದೆ ಅಣ್ಣಾ."

"ನೋಡಿದ ದಿನಾನೇ ಬರ್ಬೇಕಿತ್ತು."

ಹೊಸ ಗೈಡ್ ಹಾಕಿಸಿ ಎಂಟು ದಿನಕ್ಕೆ ಬಸಲಿಂಗ ಬಸ್ಸು ತಂದ. ಹೆಂಗಸರು ಹತ್ತುವ ಮೊದಲೇ ಬಾಗಿಲಿಗೆ ಅಡ್ಡ ನಿಂತು, ಹೊಗೆ ಬರುವುದು ಗೊತ್ತಿದ್ದೂ ಸುಮ್ಮನಿದ್ದೆ ಎಂದು ಹೇಳಿಬಿಟ್ಟ. ಮೂವರು ಸಿಟಿ ಬಸ್ ನಿಲ್ದಾಣದತ್ತ ನಡೆದರು. ಮಹಾನಂದಾ ತಲೆ ತಗ್ಗಿಸಿದಳು.

ದೇವಕ್ಕ ಅವನನ್ನೇ ನೋಡಿದಳು.

"ಇನ್ಮ್ಯಾಲ ಏನರ ಆದ್ರ ನಮಗೂ ಹೇಳು. ಜೀವ ನಮ್ದೂ ಐತಿ," ಎಂದು ಸೆರಗು ಸಿಕ್ಕಿಸಿಕೊಂಡು ಹತ್ತಿದಳು.