ಒಂದು ಹಿಡಿ ಕೊಸರು

ಕೊಸರು ಕೇಳದೆ ನಾನು ಯಾವ ಅಂಗಡಿಯ ಮೆಟ್ಟಿಲನ್ನೂ ಇಳಿದವಳಲ್ಲ. ತೂಕ ಮುಗಿದ ಮೇಲೆ ಇನ್ನೊಂದು ಹಿಡಿ ಹಾಕಿಸಿಕೊಂಡರೇ ನನಗೆ ಸಮಾಧಾನ. ಮಾನ ಮರ್ಯಾದೆ ಬಿಟ್ಟವಳು ಎಂದು ನಾದಿನಿ ಹಂಗಿಸುತ್ತಾಳೆ. ಹಂಗಿಸಲಿ. ನನ್ನ ಗಂಡನಿಗೆ ಕಾರ್ಖಾನೆಯಲ್ಲಿ ವಾರಕ್ಕೆ ಮೂರೇ ದಿನ ಕೆಲಸ ಎಂದಾದ ಮೇಲೆ ನಮ್ಮ ಒಲೆ ಉರಿದದ್ದು ಮಾನ ಮರ್ಯಾದೆಯಿಂದಲ್ಲ. ಮಾರುಕಟ್ಟೆ ಬಾಗಿಲು ಹಾಕುವ ಹೊತ್ತಿಗೆ ಹೋಗಿ ಬಾಡಿದ ಸೊಪ್ಪು ತರುತ್ತೇನೆ. ಪೊಟ್ಟಣ ಹರಿದ ಹಿಟ್ಟನ್ನು ಅರ್ಧ ಬೆಲೆಗೆ ಕೇಳುತ್ತೇನೆ. ಖಾಲಿಯಾದ ಎಣ್ಣೆ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ ಮರುದಿನದ ಒಗ್ಗರಣೆ ಮುಗಿಸುತ್ತೇನೆ.

ಒಂದು ಖರ್ಚು ಮಾತ್ರ ಬಗ್ಗುತ್ತಿರಲಿಲ್ಲ. ಅದು ನನ್ನ ಮಗಳು ಗುಬ್ಬಿಯ ಬಿಸ್ಕತ್ತು. ಅವಳಿಗೀಗ ಒಂಬತ್ತು ವರ್ಷ. ಕಡಲೆಕಾಯಿ ಎಂದರೆ ಅವಳ ಮೈಗೆ ವಿಷ. ನಾಲ್ಕು ವರ್ಷದವಳಿದ್ದಾಗ ಯಾರೋ ಕೊಟ್ಟ ಮಿಠಾಯಿಯ ಚೂರು ತಿಂದು ತುಟಿ ಊದಿತು, ಉಸಿರು ಸಿಕ್ಕಿಕೊಂಡಿತು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಗುರುಗಳು ನೀಲಿಯಾಗಿದ್ದವು. ಅಂಗಡಿಯದು ಕೊಡುವುದಾದರೆ ಕಡಲೆಕಾಯಿ ಸೋಕಿಲ್ಲ ಎಂದು ಬರೆದಿರುವ ಡಬ್ಬಿಯ ಬಿಸ್ಕತ್ತನ್ನೇ ಕೊಡಿ ಎಂದರು ಡಾಕ್ಟರು. ಆ ಹಳದಿ ಡಬ್ಬಿಯ ಬೆಲೆಯಲ್ಲಿ ನಮ್ಮ ಮನೆಯಲ್ಲಿ ನಾಲ್ಕು ದಿನದ ಅಡುಗೆ ಆಗುತ್ತದೆ.

ಮೂರು ತಿಂಗಳ ಹಿಂದೆ ನನಗೆ ಉಪಾಯ ಹೊಳೆಯಿತು. ಸಗಟು ಅಂಗಡಿಯವನು ಮುರಿದ ಬಿಸ್ಕತ್ತುಗಳನ್ನು ತೂಕಕ್ಕೆ ಮಾರುತ್ತಾನೆ. "ಬರೀ ಹಾಲಿನ ಬಿಸ್ಕತ್ತಮ್ಮ, ಬೇರೆ ಏನೂ ಸೇರಿಲ್ಲ" ಎಂದ. ನಾನೂ ನಾಲ್ಕು ಚೂರು ತಿಂದು ನೋಡಿದೆ. ಅಂದಿನಿಂದ ಆ ತುಂಡುಗಳು ಹಳೆಯ ಹಳದಿ ಡಬ್ಬಿಯಲ್ಲಿ ಕೂತು ಶಾಲೆಗೆ ಹೋಗತೊಡಗಿದವು. ಗಂಡನಿಗೂ ಹೇಳಲಿಲ್ಲ, ಗುಬ್ಬಿಗೂ ಹೇಳಲಿಲ್ಲ. ಡಬ್ಬಿ ದಿನಾ ಖಾಲಿಯಾಗಿ ಮನೆಗೆ ಬರುತ್ತಿತ್ತು.

ಗುಬ್ಬಿಯದು ಇನ್ನೊಂದು ವಿಷಯ ಹೇಳಬೇಕು. ಮನೆಯಲ್ಲಿ ಏನೇ ತಿನ್ನಲಿ, ಮೊದಲ ತುತ್ತು ನನ್ನ ಬಾಯಿಗೇ ಹಿಡಿಯುತ್ತಾಳೆ. "ನೀನು ಮೊದಲು ತಿನ್ನಮ್ಮ" ಎನ್ನುತ್ತಾಳೆ. ಇದನ್ನು ಹೇಳಿ ಹೇಳಿ ನಾದಿನಿಯ ಹೊಟ್ಟೆ ಉರಿಸಿದ್ದೇನೆ.

ಇವತ್ತು ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಹೋಟೆಲಿನ ಚಾದರಗಳಿಗೆ ಇಸ್ತ್ರಿ ಹಾಕಿ, ಹತ್ತೂವರೆಗೆ ಚಹಾಕ್ಕೆ ಕೂತೆ. ಬೆಳಿಗ್ಗೆ ಡಬ್ಬಿ ತುಂಬಿ ಉಳಿದ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದಿದ್ದೆ. ಒಂದು ಚಿಟಿಕೆ ಬಾಯಿಗೆ ಹಾಕಿದೆ. ನಾಲಿಗೆ ಅಲ್ಲೇ ನಿಂತಿತು. ಹುರಿದ ಕಡಲೆಕಾಯಿಯ ರುಚಿ.

ಇನ್ನೊಂದು ಚಿಟಿಕೆ ಹಾಕಿಕೊಂಡೆ. ಅನುಮಾನವೇ ಇಲ್ಲ. ನಿನ್ನೆ ಸಂಜೆ ತೂಕ ಆದ ಮೇಲೆ ನಾನು ಎಂದಿನಂತೆ ಚೀಲ ಮುಂದೆ ಒಡ್ಡಿದ್ದೆ. "ಕೊಸರು ಹಾಕಣ್ಣ, ಸುಮ್ನೆ ಕಳಿಸ್ತೀಯಾ?" ಹಾಲಿನ ಬಿಸ್ಕತ್ತಿನ ಡಬ್ಬ ಬರಿದಾಗಿತ್ತು. ಅವನು ನಗುತ್ತ ಪಕ್ಕದ ಡಬ್ಬಕ್ಕೆ ಕೈಹಾಕಿ ಒಂದು ಹಿಡಿ ತೆಗೆದು ಮೇಲೆ ಸುರಿದಿದ್ದ. ನಾನು ಗೆದ್ದವಳಂತೆ ಮನೆಗೆ ನಡೆದಿದ್ದೆ. ಮೇಲಿದ್ದ ಆ ಹಿಡಿಯೇ ಬೆಳಿಗ್ಗೆ ಹಳದಿ ಡಬ್ಬಿಗೆ ಹೋಗಿತ್ತು.

ಶಾಲೆಯಲ್ಲಿ ಬಿಡುವು ಹನ್ನೊಂದಕ್ಕೆ. ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಜೊತೆಗಾರ್ತಿಯ ಕೈಗೆ ಕೊಟ್ಟು ಓಡಿದೆ. ಶಾಲೆಯ ಆಫೀಸಿನ ಬೀರುವಿನಲ್ಲಿ ಅವಳ ಹೆಸರಿನ ಇಂಜೆಕ್ಷನ್ ಇದೆ ಎಂದು ನೆನೆದು ಅರೆಗಳಿಗೆ ಧೈರ್ಯ ಬಂತು. ಅದರ ಅವಧಿ ಹೋದ ತಿಂಗಳೇ ಮುಗಿದಿತ್ತು. ಮುಂದಿನ ಸಂಬಳ ಬರಲಿ ಎಂದು ಹೊಸದನ್ನು ಮುಂದಕ್ಕೆ ಹಾಕಿದ್ದವಳೂ ನಾನೇ.

ರಸ್ತೆ ದಾಟುವಾಗ ಒಂದು ವ್ಯಾನು ಕಿರುಚಿ ನಿಂತಿತು, ಚಾಲಕ ಬೈದ. ಕಾಲಿನ ಚಪ್ಪಲಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವಳ ನೀಲಿ ಉಗುರುಗಳೇ ಕಣ್ಣಮುಂದೆ. ಶಾಲೆಯ ಗೋಡೆ ಕಾಣುವಾಗಲೇ ಗಂಟೆ ಹೊಡೆದು ಆಗಿತ್ತು, ಮಕ್ಕಳ ಗದ್ದಲ ಕೇಳಿಸುತ್ತಿತ್ತು. ನನ್ನ ಮಗಳ ಸಾವಿಗೆ ನಾನೇ ಚೀಲ ಒಡ್ಡಿ ಬಂದೆ ಎಂದು ಬಾಯಿಬಿಟ್ಟು ಅತ್ತೆ.

ಗೇಟಿನವನು "ಯಾರಮ್ಮ ನೀವು, ನಿಲ್ಲಿ" ಎನ್ನುತ್ತಿದ್ದರೂ ನುಗ್ಗಿದೆ. ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಗುಬ್ಬಿ ಒಬ್ಬಳೇ ಕೂತಿದ್ದಳು. ತೊಡೆಯ ಮೇಲೆ ಹಳದಿ ಡಬ್ಬಿ ತೆರೆದಿತ್ತು, ಒಳಗೆ ಒಂದು ಚೂರೂ ಇರಲಿಲ್ಲ.

ಅವಳ ಗಲ್ಲ ಹಿಡಿದೆತ್ತಿದೆ. "ಎಷ್ಟು ತಿಂದೆ? ಬಾಯಿ ತೆಗಿ! ಉಸಿರಾಡೋಕೆ ಆಗ್ತಿದ್ಯಾ?"

"ತಿಂದಿಲ್ಲಮ್ಮ. ನೋಯ್ತಿದೆ, ಬಿಡು."

"ಸುಳ್ಳು ಹೇಳಬೇಡ! ಖಾಲಿ ಇದೆಯಲ್ಲೇ?"

"ಪಕ್ಕದ ಬೆಂಚಿನವಳಿಗೆ ಕೊಟ್ಟೆ. ದಿನಾ ಅವಳಿಗೇ ಕೊಡ್ತೀನಿ."

ಉಗುರು ನೋಡಿದೆ, ಗುಲಾಬಿಯಾಗಿತ್ತು. ತುಟಿ ನೋಡಿದೆ, ಒಣಗಿತ್ತು ಅಷ್ಟೇ. ಅವಳನ್ನು ಅಪ್ಪಿಕೊಂಡು ಅಲ್ಲೇ ಒದ್ದೆ ನೆಲದ ಮೇಲೆ ಕುಸಿದೆ. ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಆಮೇಲೆ ಆ ಮಾತು ನಿಧಾನವಾಗಿ ಒಳಗಿಳಿಯಿತು.

"ದಿನಾ ಅಂದ್ರೆ? ಮತ್ತೆ ನೀನು ಏನು ತಿಂತೀಯ?"

"ನೀರು ಕುಡೀತೀನಿ. ಮನೆಗೆ ಬಂದ ಮೇಲೆ ತಿಂತೀನಲ್ಲ."

ಅವಳ ಕೈಹಿಡಿದು ಶಾಲೆಯ ಎದುರಿನ ಬೇಕರಿಗೆ ಕರೆದುಕೊಂಡು ಹೋದೆ. ಅಂಥದೇ ಹಳದಿ ಡಬ್ಬಿ ಹೊಸದೊಂದು ಕೊಂಡೆ. ಅಂಗಡಿಯವಳು ಹೇಳಿದಷ್ಟು ಕೊಟ್ಟೆ, ಜಗ್ಗಾಡಲಿಲ್ಲ. ಮಗಳ ಎದುರಿಗೇ ಮುಚ್ಚಳದ ಅಂಟು ಕಿತ್ತೆ. ಗುಬ್ಬಿ ಒಂದು ಬಿಸ್ಕತ್ತು ತೆಗೆದು ಮುರಿದು, ಅರ್ಧವನ್ನು ನನ್ನ ಬಾಯಿಗೆ ಹಿಡಿದಳು.

"ನೀನು ಮೊದಲು ತಿನ್ನಮ್ಮ."

"ನೀನೇ ತಿನ್ನು ಬಂಗಾರ, ಹಸಿದಿದ್ದೀಯ."

"ಬೇಡ. ನಿಂಗೆ ಕಡಲೆಕಾಯಿ ರುಚಿ ಗೊತ್ತಾಗುತ್ತಲ್ಲ. ನೀನು ಉಗುಳಲಿಲ್ಲ ಅಂದ್ರೆ ನಾನು ತಿಂತೀನಿ. ಮನೇಲೂ ಹಂಗೇ ಮಾಡೋದು." ಅವಳು ದನಿ ತಗ್ಗಿಸಿದಳು. "ಡಬ್ಬಿ ಹಳೇದು, ಒಳಗಿಂದು ಬೇರೆ ಅಂತ ಮೊದಲನೇ ದಿನವೇ ಗೊತ್ತಾಯ್ತು. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ನಾನು ಬಾಯಿ ತೆರೆದೆ. ಅಳು ಬರುತ್ತಿತ್ತು, ಆದರೆ ಮುಖ ಕಿವುಚಿದರೆ ಅವಳು ತಿನ್ನುವುದಿಲ್ಲ. ಹಾಗಾಗಿ ನಗುತ್ತಾ ಅಗಿದೆ. ಗುಬ್ಬಿ ಉಳಿದರ್ಧವನ್ನು ಕೈಯಲ್ಲಿ ಹಿಡಿದು, ನನ್ನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದಳು.