ಹಿರಿಯರ ಕಟ್ಟೆಯ ತಲೆಯೆಣಿಕೆ

ಸಾಂಬ್ರಾಣಿಯಿಂದ ಕಾಡಿನ ಕಡೆ ಹೊರಟ ಮಣ್ಣುದಾರಿಯ ಕೊನೆಗೆ ಸಿದ್ದಿಗಳ ಒಂದು ಸಣ್ಣ ಕೇರಿ, ಕೇರಿಯ ಹಿಂದೆ ಒಂದು ಮತ್ತಿಮರ, ಮರದ ಬುಡಕ್ಕೆ ಒಂದು ಕಲ್ಲುಕಟ್ಟೆ. ನೋಡಲು ಹೋದವರಿಗೆ ಅಲ್ಲಿ ನೋಡುವಂಥದ್ದೇನೂ ಇಲ್ಲ. ಕೆತ್ತನೆಯಿಲ್ಲ, ಶಾಸನವಿಲ್ಲ, ಮೊಬೈಲಿನಲ್ಲಿ ಫೋಟೋ ತೆಗೆದರೆ ಯಾವುದೋ ಹಾಳುಬಾವಿಯ ಕಟ್ಟೆ ಎಂದುಕೊಳ್ಳಬೇಕು. ಆದರೂ ಸುಗ್ಗಿ ಮುಗಿದ ಮೇಲೆ ಒಂದು ದಿನ, ಶಿಲುಬೆ ಹಾಕಿಕೊಂಡವರು, ಟೊಪ್ಪಿಗೆ ಇಟ್ಟವರು, ಕುಂಕುಮ ಹಚ್ಚಿದವರು ಎಲ್ಲ ಸಿದ್ದಿಗಳೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಸತ್ತ ಹಿರಿಯರೂ ಬಂದು ಉಣ್ಣುತ್ತಾರೆ ಎಂಬುದು ನಂಬಿಕೆ. ನಂಬಿಕೆ ಎನ್ನುವುದು ಬರೆಯುವವರ ಮಾತು. ಕೇರಿಯವರು ಹಾಗನ್ನುವುದಿಲ್ಲ, ‘ಬರ್ತಾರ’ ಅನ್ನುತ್ತಾರೆ, ಮುಗಿಯಿತು.

ಆ ವರ್ಷದ ಊಟಕ್ಕೆ ಕರಿಷ್ಮಾ ತಿಂಗಳುಗಟ್ಟಲೆ ಕಾದಿದ್ದಳು. ಅವಳ ಅವ್ವ ರೋಜಿನಾ ಮಳೆಗಾಲದ ಜ್ವರದಲ್ಲಿ ತೀರಿಕೊಂಡಿದ್ದಳು. ಮಗಳು ಬಸ್ಸಿಳಿದು ಓಡಿ ಬರುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ಹೊಸದಾಗಿ ಸತ್ತವರು ಮೊದಲ ಊಟಕ್ಕೆ ಬಂದು ಹಿರಿಯರ ಜೊತೆ ಕೂತರೆ ಆಮೇಲೆ ವರ್ಷವರ್ಷವೂ ತಪ್ಪದೆ ಬರುತ್ತಾರಂತೆ. ಕರಿಷ್ಮಾಗೆ ಬೇಕಾದದ್ದು ಅಷ್ಟೇ. ಮಾತು ಬೇಡ, ಒಮ್ಮೆ ಪಕ್ಕದಲ್ಲಿ ಕೂತು ಹೋದರೆ ಸಾಕು.

ಆದರೆ ಕಟ್ಟೆಯೇ ಉಳಿಯುವುದು ಅನುಮಾನವಾಗಿತ್ತು. ಮಣ್ಣುದಾರಿಯನ್ನು ಅಗಲ ಮಾಡುವವರು ಮರಕ್ಕೆ ಸುಣ್ಣದ ಗುರುತು ಹಾಕಿ ಹೋಗಿದ್ದರು. ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿದರೆ ರಸ್ತೆ ಬಳಸಿಕೊಂಡು ಹೋಗುತ್ತದೆ, ಇಲ್ಲದಿದ್ದರೆ ಮರವೂ ಇಲ್ಲ ಕಟ್ಟೆಯೂ ಇಲ್ಲ. ಹಳೆಯ ತಾಣಗಳಿಂದ ಸುತ್ತಲಿನ ಜನಕ್ಕೆ ಏನು ಉಪಯೋಗ, ಎಷ್ಟು ಮಂದಿ ಬರುತ್ತಾರೆ, ಯಾರಿಗೆ ಕೆಲಸ ಸಿಗುತ್ತದೆ, ಯಾರ್‍ಯಾರು ಕೂಡಿ ಬಾಳುತ್ತಾರೆ ಎಂದು ಅಳೆಯುವ ಒಂದು ಸಂಸ್ಥೆಯಲ್ಲಿ ಕರಿಷ್ಮಾಗೆ ಕೆಲಸ. ಮುಂಡಗೋಡ, ಜೋಯಿಡಾ ಎಲ್ಲ ಸುತ್ತಿ ಈಗ ತನ್ನ ಕೇರಿಗೇ ಬಂದಿದ್ದಳು.

ಸಂಸ್ಥೆಯಲ್ಲಿ ಅವಳ ಮೇಲಧಿಕಾರಿ ಉದಯಕುಮಾರ ಕೆಟ್ಟವನಲ್ಲ, ಅವಸರದವನು. “ನೋಡ್ರಿ ಕರಿಷ್ಮಾ, ‘ಭಾಳ ಮಂದಿ ಬರ್ತಾರ’ ಅಂತ ಬರದ್ರ ಯಾರೂ ಕೇಳೂದಿಲ್ಲ. ಖರೇ ಲೆಕ್ಕ ಬೇಕು. ಊಟಕ್ಕ ಕುಂತಾಗ ಎಣಿಸಿಬಿಡ್ರಿ,” ಎಂದು ಗುಂಡಿ ಒತ್ತಿದರೆ ಅಂಕಿ ಏರುವ ಉಕ್ಕಿನ ಪುಟ್ಟ ಯಂತ್ರವೊಂದನ್ನು ಕೈಗಿತ್ತ.

ಅದನ್ನು ನೋಡಿ ಕಾತರಿನಾ ಕಡ್ಡಿ ಮುರಿದಂತೆ ಹೇಳಿದಳು. ಕಾತರಿನಾ ಎಂದರೆ ಕರಿಷ್ಮಾಳ ಅವ್ವನ ಅವ್ವ, ಕೇರಿಗೆಲ್ಲ ಹಿರಿಯಳು.

“ಕುಂತವ್ರನ್ನ ಎಣಿಸೂದಿಲ್ಲ.”

“ಯಾಕ, ಆಯಿ?”

“ಎಣಿಸೂದಿಲ್ಲಂದ್ರ ಎಣಿಸೂದಿಲ್ಲ. ಅವತ್ತ ಎಲಿ ಸೈತ ಎಣಿಸೂದಿಲ್ಲ. ತೋಳತುಂಬ ತಂದು ಹಾಸೂದು, ಅಷ್ಟ.”

ದೃಷ್ಟಿ ತಾಗುತ್ತದೆ ಎಂಬ ಭಯವಿರಬೇಕು ಎಂದುಕೊಂಡಳು ಕರಿಷ್ಮಾ. ಆಡಿನ ಮರಿಗಳನ್ನೂ ಎಣಿಸಲು ಬಿಡದ ಮುದುಕಿಯರನ್ನು ಅವಳು ಕಂಡಿದ್ದಳು. ಕಟ್ಟೆಯೇ ಹೋದರೆ ಅವ್ವ ಎಲ್ಲಿಗೆ ಬರಬೇಕು? ಆಯಿಗೆ ಗೊತ್ತಾಗದಂತೆ ಎಣಿಸಿದರಾಯಿತು. ಓದಿದವರ ಧೈರ್ಯವೇ ಇಂಥದ್ದು, ಯಾರಿಗೂ ಗೊತ್ತಾಗದೆ ಮಾಡಿದ್ದು ಲೆಕ್ಕಕ್ಕಿಲ್ಲ.

ಊಟದ ದಿನ ನೆತ್ತಿಯ ಮೇಲೆ ಬಿಸಿಲು ಬಂದಾಗ ಸಾಗವಾನಿ ಎಲೆಗಳನ್ನು ಹಾಸಿದರು. ಒಬ್ಬರ ಪಕ್ಕ ಒಬ್ಬರು ಒತ್ತಿ ಕೂರಲಿಲ್ಲ. ನಡುನಡುವೆ ಜಾಗ ಬಿಟ್ಟರು, ಖಾಲಿ ಜಾಗದ ಎಲೆಗೂ ಅನ್ನ, ಕೋಳಿ ಸಾರು, ಕೆಂಪಿರುವೆಯ ಚಟ್ನಿ ಬಡಿಸಿದರು. ಕೇರಿಯ ಅಬ್ದುಲ್ ದಮಾಮಿ ಡೋಲನ್ನು ಬಾರಿಸಿ ನಿಲ್ಲಿಸಿದ. ಇನ್ನು ಯಾರೂ ಮಾತಾಡುವಂತಿಲ್ಲ, ತಂತಮ್ಮ ಎಲೆ ಬಿಟ್ಟು ಅತ್ತಿತ್ತ ನೋಡುವಂತಿಲ್ಲ.

ಕರಿಷ್ಮಾ ನೋಡಿದಳು. ಎಡಗೈಯನ್ನು ವೇಲಿನೊಳಗೆ ಇಟ್ಟುಕೊಂಡು ಸಾಲಿನ ಆ ತುದಿಯಿಂದ ಒಂದೊಂದೇ ತಲೆಗೆ ಒಂದೊಂದು ಸಲ ಗುಂಡಿ ಒತ್ತಿದಳು. ಟಕ್, ಟಕ್. ಸದ್ದು ಸಣ್ಣದು, ಆದರೆ ಹಕ್ಕಿಗಳೂ ಸುಮ್ಮನಿದ್ದ ಆ ಹೊತ್ತಿನಲ್ಲಿ ಅವಳಿಗೇ ಅದು ದೊಡ್ಡದಾಗಿ ಕೇಳಿತು. ಅಬ್ದುಲ್‌ನ ಮನೆಯವರು, ರಾಕೇಶನ ಮನೆಯವರು, ಚರ್ಚಿನ ಓಣಿಯವರು. ಕೇರಿಯವರೆಲ್ಲ ಮುಗಿದರೂ ಸಾಲು ಮುಗಿಯಲಿಲ್ಲ.

ಬೇರೆ ಕೇರಿಯವರಿರಬೇಕು ಎಂದು ಮತ್ತೆ ಒತ್ತಿದಳು. ಖಾಲಿ ಬಿಟ್ಟ ಜಾಗ ಈಗ ಎಲ್ಲೂ ಕಾಣಲಿಲ್ಲ. ಬರಿಮೈಯ ಗಂಡಸರು, ಹರಕು ಗೋಣಿ ಸುತ್ತಿಕೊಂಡ ಹೆಂಗಸರು ಎಲ್ಲರೂ ತಲೆ ತಗ್ಗಿಸಿ, ಯಾರೋ ಕಸಿದುಕೊಳ್ಳುವರೇನೋ ಎಂಬಂತೆ ಗಬಗಬ ಉಣ್ಣುತ್ತಿದ್ದರು. ಒಬ್ಬ ಮುದುಕನ ಕುತ್ತಿಗೆಯ ಸುತ್ತ ಚರ್ಮ ಸವೆದು ಬೆಳ್ಳಗಾಗಿತ್ತು. ನಿಲ್ಲಿಸಬೇಕು ಅಂದುಕೊಂಡಳು ಕರಿಷ್ಮಾ, ಹೆಬ್ಬೆರಳು ನಿಲ್ಲಲಿಲ್ಲ.

ಸಾಲು ಸುತ್ತಿ ಅವಳ ಪಕ್ಕಕ್ಕೇ ಬಂತು. ಅವಳ ಬಲಕ್ಕೆ, ಅವಳೇ ಬಡಿಸಿದ ಎಲೆಯ ಮುಂದೆ, ಮಣ್ಣಿಗಿಡುವಾಗ ಉಡಿಸಿದ ಹಸಿರು ಸೀರೆಯಲ್ಲಿ ಅವ್ವ ಕೂತಿದ್ದಳು.

ರೋಜಿನಾ ಮಗಳತ್ತ ತಿರುಗಿ ನಗಲು ಹೊರಟಿದ್ದಳು. ಆಗಲೇ ಹೆಬ್ಬೆರಳು ಒತ್ತಿತು. ಟಕ್.

ಆ ನಗು ಅರ್ಧಕ್ಕೇ ನಿಂತಿತು. ಅವ್ವ ಮಗಳ ಮುಖದಿಂದ ಕಣ್ಣು ಕಿತ್ತು ವೇಲಿನೊಳಗಿನ ಕೈ ನೋಡಿದಳು. ಸಾಲಿನಲ್ಲಿ ತಗ್ಗಿದ್ದ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಮರುಗಳಿಗೆ ಎಲೆಗಳು ಚೆಲ್ಲಾಪಿಲ್ಲಿಯಾದವು, ನೂರಾರು ಬರಿಗಾಲು ಒಣಗಿದ ತರಗೆಲೆಯ ಮೇಲೆ ಕಾಡಿನತ್ತ ಓಡುವ ಸದ್ದು. ಕೂಗಿಲ್ಲ, ಅಳುವಿಲ್ಲ, ಬರೀ ಓಟ. ಕೇರಿಯವರು ಕೈಯಲ್ಲಿ ತುತ್ತು ಹಿಡಿದು ಹಾಗೇ ಕೂತರು.

“ಅವ್ವಾ! ನಾನs, ಕರಿಷ್ಮಾ! ನಿಂದರs!” ಎಂದು ಅವಳು ಬೆನ್ನು ಹತ್ತಿದಳು. ಮುಳ್ಳು ಗೀರಿತು, ವೇಲು ಎಲ್ಲೋ ಸಿಕ್ಕಿ ಹರಿಯಿತು. ಅವಳು ಕೂಗಿದಷ್ಟೂ ಮುಂದಿನ ಹೆಜ್ಜೆಗಳು ಬಿರುಸಾದವು. ಹಸಿರು ಸೀರೆ ಬಿದಿರುಮೆಳೆಯಲ್ಲಿ ಒಮ್ಮೆ ಕಂಡಿತು, ಮತ್ತೆ ಕಾಣಲಿಲ್ಲ.

ತಿರುಗಿ ಬಂದಾಗ ಎಲ್ಲರೂ ಎದ್ದು ಹೋಗಿದ್ದರು. ಕಾತರಿನಾ ಒಬ್ಬಳೇ ಕೂತಿದ್ದಳು.

“ರೋಜಿನಾ ಬಂದಿದ್ಲೇನು?”

“ಬಂದಿದ್ಲು, ಆಯಿ.”

“ಆಕೀನೂ ಓಡಿದ್ಲೇನು?”

ಕರಿಷ್ಮಾ ಹೌದೆಂದು ತಲೆಯಾಡಿಸಿದಳು. ಮುದುಕಿ ರೋಜಿನಾಳ ಎಲೆಯನ್ನು ತನ್ನತ್ತ ಎಳೆದುಕೊಂಡಳು.

“ಗುಲಾಮ್ರಾಗಿದ್ದ ನಮ್ಮ ಹಿರಿಯಾರ್ನ ಗೋವಾದಾಗ ಧಣಿಗೋಳು ಮುಂಜಾನಿ ಒಮ್ಮೆ, ಸಂಜಿಗೊಮ್ಮೆ ಎಣಿಸ್ತಿದ್ರಂತ, ದನಾ ಎಣಿಸಿದಂಗ. ಒಬ್ಬಾಂವ ಕಮ್ಮಿ ಬಿದ್ರ ನಾಯಿ ಬಿಡ್ತಿದ್ರಂತ. ತಪ್ಪಿಸ್ಕೊಂಡು ಈ ಕಾಡಿಗೆ ಬಂದ್ರು. ಎಣಿಸಾವ್ರು ಬಂದಾರ ಅಂದ್ರ ಹಿಡ್ಯಾಕ ಬಂದಾರ ಅಂತs ಅವ್ರ ಲೆಕ್ಕ.”

“ನಮ್ಮವ್ವನ್ನ ಯಾರೂ ಎಣಿಸಿದ್ದಿಲ್ಲಲ್ಲ, ಆಯಿ. ಆಕಿ ಯಾಕ ಓಡಿದ್ಲು?”

“ಈಗ ಆಕಿ ಅವ್ರ ಪೈಕಿ,” ಎಂದಳು ಕಾತರಿನಾ. “ಅವ್ರು ಎಲ್ಲಿಗೋ ಅಲ್ಲಿಗೇ ಆಕೀನೂ.”

ಕರಿಷ್ಮಾ ಅತ್ತಳು, ಎದೆ ಬಡಿದುಕೊಂಡು ಅತ್ತಳು. ಮುದುಕಿ ಸಮಾಧಾನ ಮಾಡಲಿಲ್ಲ. ಕಳಕೊಂಡವಳು ಅವಳೂ ಹೌದು.

ಯಂತ್ರದಲ್ಲಿ ಉಳಿದಿದ್ದ ಅಂಕಿಯ ಬಲದಿಂದ ಕಟ್ಟೆ ಪಟ್ಟಿಗೆ ಸೇರಿತು. ಇಷ್ಟು ಮಂದಿ ಬರುವ ತಾಣ ಇಡೀ ತಾಲೂಕಿನಲ್ಲಿಲ್ಲ ಎಂದು ಉದಯಕುಮಾರ ಹಿಗ್ಗಿದ, ಬೆನ್ನು ತಟ್ಟುವುದೊಂದು ಬಾಕಿ. ರಸ್ತೆ ಬಳಸಿ ಹೋಯಿತು, ಮರ ಉಳಿಯಿತು, ಕಟ್ಟೆಯ ಪಕ್ಕ ಒಂದು ನೀಲಿ ಫಲಕವೂ ನಿಂತಿತು.

ಮರುವರ್ಷ ಕರಿಷ್ಮಾ ಬರಿಗೈಯಲ್ಲಿ ಬಂದು ಕೂತಳು. ತನ್ನ ಬಲಕ್ಕೆ ಜಾಗ ಬಿಟ್ಟಳು, ಅನ್ನ ಬಡಿಸಿದಳು, ಕಣ್ಣು ತನ್ನ ಎಲೆಯಿಂದ ಎತ್ತಲಿಲ್ಲ. ಎಲ್ಲರ ಊಟ ಮುಗಿಯಿತು. ಪಕ್ಕದ ಎಲೆಯ ಅನ್ನ ಆರಿ ಗಟ್ಟಿಯಾಯಿತು. ಕೇರಿಯವರು ಒಬ್ಬೊಬ್ಬರಾಗಿ ಎದ್ದರೂ ಅವಳು ಕೂತೇ ಇದ್ದಳು.

ಇಳಿಹೊತ್ತಿಗೆ ಬಿದಿರುಮೆಳೆಯ ಹಿಂದೆ ತರಗೆಲೆ ಸದ್ದಾಯಿತು, ಯಾರೋ ಬಂದು ನಿಂತಂತೆ. ಕರಿಷ್ಮಾಗೆ ತಡೆಯಲಾಗಲಿಲ್ಲ, ತಲೆಯೆತ್ತಿ ನೋಡಿದಳು.

ಹೆಜ್ಜೆಗಳು ತಿರುಗಿ ಓಡತೊಡಗಿದವು.