ಮೂರನೆಯ ಮಹಡಿಯ ಅಳು

ಬಂದರು, ಮೆಟ್ಟಿಲ ಮೇಲೆ ಬೂಟುಗಳ ಸದ್ದು, ಮೂರನೆಯ ಮಹಡಿಯ ಆ ಸಡಿಲ ಹಲಗೆ ಕಿರುಗುಟ್ಟಿತು, ಇನ್ನು ರೋರಿ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾನೆ, ಕೆಮ್ಮಿದ — ಎಫಿ ಬಟ್ಟೆ ಕೋಣೆಯ ಬಾಗಿಲನ್ನು ಒಳಗಿನಿಂದ ಎಳೆದುಕೊಂಡು ಟವಲು ಮಡಿಸುತ್ತಲೇ ಇದ್ದಳು, ಬಿಳಿ ಟವಲು, ಉದ್ದಕ್ಕೊಂದು ಮಡಿಕೆ, ಅಡ್ಡಕ್ಕೊಂದು, ಆರ್ಡ್‌ವೆನ್ ಹೋಟೆಲಿನಲ್ಲಿ ಕೂದಲು ನರೆಯುವವರೆಗೂ ಇದನ್ನೇ ಮಾಡಿದ ಕೈಗೆ ಕಣ್ಣು ಬೇಕಾಗಿಲ್ಲ, ಕಿವಿ ಮಾತ್ರ ಪಕ್ಕದ ಕೋಣೆಯಲ್ಲಿ, ನಡುವೆ ಇರುವುದು ತೆಳ್ಳನೆಯ ಮರದ ಗೋಡೆ, ಈ ಕಡೆ ಬಿಕ್ಕಿದರೆ ಆ ಕಡೆ ಕೇಳುತ್ತದೆ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಇದೇ ನೋಡಿ, ಲೇಡಿ ಎಲ್ಸ್‌ಪೆತ್ ಅಳೋ ಕೋಣೆ, ಅಂದ ರೋರಿ, ಅತಿಥಿಗಳಿಗೆ ಹೋಟೆಲು ತೋರಿಸಿ ದೆವ್ವದ ಕಥೆ ಹೇಳುವುದೇ ಅವನ ಕೆಲಸ. ಎಲ್ಸ್‌ಪೆತ್ ಅಂತೆ! ಆ ಹೆಸರಿಟ್ಟವನು ಇವನಿಗಿಂತ ಹಿಂದಿನ ಗೈಡು, ಅವನಿಗಿಂತ ಹಿಂದಿನವನು ಬೂದು ಗೌನು ತೊಡಿಸಿದ, ಅದಕ್ಕೂ ಮೊದಲಿನವನು ಕೈಗೊಂದು ಲಾಂದ್ರ ಕೊಟ್ಟು ಗಂಡನನ್ನು ಸಮುದ್ರದಲ್ಲಿ ಮುಳುಗಿಸಿದ, ವರ್ಷದಿಂದ ವರ್ಷಕ್ಕೆ ದೆವ್ವದ ಸಂಸಾರ ಬೆಳೆಯಿತು, ಹೇಳುತ್ತಾ ಹೇಳುತ್ತಾ ನೂರು ವರ್ಷ ಹಳೆಯದೂ ಆಯಿತು. ಅತ್ತವಳು ಮಾತ್ರ ಮೊಣಕಾಲು ನೋಯಿಸಿಕೊಂಡು ಇಲ್ಲೇ ಟವಲು ಮಡಿಸುತ್ತಿದ್ದಾಳೆ.

ಎಫಿಗೆ ಆಗ ಹತ್ತೊಂಬತ್ತು ವರ್ಷ, ಇಲ್ಲಿ ಹಾಸಿಗೆ ಹಾಸುವ ಹುಡುಗಿ, ಮಗುವಿನ ಅಪ್ಪ ಮೀನಿನ ದೋಣಿ ಹತ್ತಿ ಉತ್ತರಕ್ಕೆ ಹೋದವನು ಹಾಗೇ ಹೋದ, ಆಸ್ಪತ್ರೆಯ ಆ ಕಣ್ಣು ಚುಚ್ಚುವ ಬೆಳಕು, ನೋವು, ಮತ್ತೆ ನೋವು, ಆಮೇಲೆ ಯಾರೂ ಮಾತಾಡದ ಆ ಹೊತ್ತು, ಯಾಕೆ ಅಳ್ತಾ ಇಲ್ಲ, ಸಿಸ್ಟರ್, ಯಾಕೆ ಅಳ್ತಾ ಇಲ್ಲ ಅದು — ನರ್ಸು ತಿರುಗಿ ನೋಡಲಿಲ್ಲ, ಸ್ಟೀಲಿನ ಬೋಗುಣಿ, ಮೇಲೆ ಬಿಳಿ ಟವಲು, ಬೆನ್ನು, ಬಾಗಿಲು ಆ ಕಡೆ ಈ ಕಡೆ ತೂಗಿ ನಿಂತಿತು. ಸತ್ತು ಹುಟ್ಟಿದ್ದನ್ನ ನೋಡಬಾರದು ಕಣಮ್ಮಾ, ಮರೆತುಬಿಡು, ಚಿಕ್ಕ ವಯಸ್ಸು, ಇನ್ನೊಂದಾಗುತ್ತೆ. ಆ ಕಾಲದಲ್ಲಿ ಎಲ್ಲ ತಾಯಂದಿರಿಗೂ ಹೀಗೇ ಹೇಳುತ್ತಿದ್ದರು, ಎಲ್ಲಿ ಹೂತೆವೆಂದು ಮಾತ್ರ ಹೇಳುತ್ತಿರಲಿಲ್ಲ. ಇನ್ನೊಂದು ಆಗಲಿಲ್ಲ. ಎದೆಯಲ್ಲಿ ಹಾಲು ಬತ್ತುವ ಮೊದಲೇ ಕೆಲಸಕ್ಕೆ ಬಂದಳು, ಕೆಲಸದ ಹುಡುಗಿಯರೆಲ್ಲ ಒಂದೇ ಕೋಣೆಯಲ್ಲಿ ಮಲಗುವಾಗ ಅಳುವುದೆಲ್ಲಿ, ಇಲ್ಲಿ, ಈ ಕಪಾಟುಗಳ ನಡುವೆ, ಟವಲು ಕಚ್ಚಿಕೊಂಡು. ಲೀಡ್ಸ್‌ನಿಂದ ಬಂದಿದ್ದ ಹೆಂಗಸೊಬ್ಬಳು ಬೆಳಗ್ಗೆ ಓಟ್ಸ್ ಗಂಜಿಯ ಬಟ್ಟಲು ದೂಡಿ, ಪಕ್ಕದಲ್ಲಿ ಯಾರೋ ಅಳ್ತಾ ಇದ್ರು, ನನಗೆ ನಿದ್ದೇನೇ ಇಲ್ಲ ಎಂದಾಗ ಎಫಿ ಪಕ್ಕದಲ್ಲೇ ಚಹಾ ಸುರಿಯುತ್ತಿದ್ದಳು, ಆಗಿನ ಮಾಲೀಕ ಮುದುಕ ರೆಪ್ಪೆ ಬಡಿಯದೆ, ಓ ಅದಾ, ಅದು ನಮ್ಮ ಹಳೇ ಅಮ್ಮಾವ್ರ ದೆವ್ವ ಕಣ್ರೀ, ಪಾಪ, ಯಾರಿಗೂ ತೊಂದರೆ ಮಾಡಲ್ಲ. ಆ ಬೇಸಿಗೆಯಿಂದ ಆ ಕೋಣೆಯೇ ಬೇಕೆಂದು ಜನ ದುಂಬಾಲು ಬಿದ್ದರು.

ಆಡಿಕೊಳ್ಳಲಿ ಬಿಡು ಎಂದು ಅವಳೂ ಸುಮ್ಮನಿದ್ದಳು, ಒಮ್ಮೊಮ್ಮೆ ನಗುವೂ ಬರುತ್ತಿತ್ತು, ಆದರೆ ಯಾವನೋ ಗೈಡು, ಅಳುವ ಹೆಂಗಸಿಗೆ ಬೇರೆ ಕಾರಣ ಹೊಳೆಯದೆ, ಅಮ್ಮಾವ್ರಿಗೆ ಒಂದು ಸತ್ತ ಮಗುವನ್ನು ಸೇರಿಸಿದ ಮೇಲೆ ನಗು ನಿಂತಿತು — ಹೆಂಗಸರು ಕಿಟಕಿಯ ಹಲಗೆಯ ಮೇಲೆ ಪುಟ್ಟ ಉಣ್ಣೆಯ ಕಾಲುಚೀಲ ಇಟ್ಟುಹೋಗತೊಡಗಿದರು, ಗುರುತಿಲ್ಲದ ಊರುಗಳಿಂದ ಹೆಣೆದು ತಂದವು, ಎಫಿ ಅವನ್ನು ತೊಳೆದು ಲ್ಯಾವೆಂಡರ್ ಹೂವಿನ ಜೊತೆ ಜೋಪಾನ ಮಾಡಿದಳು, ಯಾರ ಮಗುವಿಗೆಂದು ಅವರಿಗೆ ಗೊತ್ತಿಲ್ಲ, ಅವಳಿಗೆ ಗೊತ್ತು, ಹೂವಿಡಲು ಸಮಾಧಿಯಿಲ್ಲದ ಕೂಸಿಗೆ ಇರುವುದು ಆ ಕಿಟಕಿಯೊಂದೇ. ಮೊನ್ನೆ ಊಟದ ಹೊತ್ತಿಗೆ ರೋರಿ ಸೂಪಿಗೆ ಬ್ರೆಡ್ಡು ಅದ್ದುತ್ತಾ, ಬರೀ ಅಳೋ ದೆವ್ವಕ್ಕೆ ಈಗ ಯಾರು ಹೆದರ್ತಾರೆ ಹೇಳಿ ಎಫಿ, ಹೊಸ ಮಾಲೀಕರು ಸ್ವಲ್ಪ ಮಸಾಲೆ ಸೇರಿಸು ಅಂದಿದ್ದಾರೆ. ಈಗ ಗೋಡೆಯಾಚೆ ಅವನ ದನಿ ತಗ್ಗಿತು, ಕೂಸು ಅಳು ನಿಲ್ಲಿಸ್ಲಿಲ್ಲ, ಆಗ ಇವಳೇ, ಹೌದ್ರೀ, ಹೆತ್ತ ತಾಯೀನೇ, ದಿಂಬು ತಗೊಂಡು ಅದರ ಮುಖದ ಮೇಲೆ — ಇಲ್ಲ. ಅಯ್ಯೋ ಪಾಪಿ, ಎಂದಿತು ಒಂದು ಹೆಣ್ಣುದನಿ. ಪಾಪಿ, ಯಾರು, ಪಾಪಿಯ ಕಿಟಕಿಗೆ ಇನ್ನು ಯಾರು ಕಾಲುಚೀಲ ಹೆಣೆದು ತರುತ್ತಾರೆ, ಟವಲು ಕೈಜಾರಿತು, ಬಾಗಿಲು, ಪಡಸಾಲೆ, ಇನ್ನೊಂದು ಬಾಗಿಲು, ಇಷ್ಟೊಂದು ಮುಖಗಳು.

ಅವಳು ಕೊಲ್ಲಲಿಲ್ಲ. ಯಾರ ದನಿ ಇದು, ತನ್ನದೇ. ಅವಳು ಕೊಲ್ಲಲಿಲ್ಲ ಕಣಪ್ಪಾ ರೋರಿ, ಕೊಲ್ಲೋಕೆ ಕೂಸನ್ನ ಕೈಗಾದ್ರೂ ಕೊಡಬೇಕಿತ್ತಲ್ಲ, ಕೊಡಲೇ ಇಲ್ಲ, ಅದು ಅಳಲೂ ಇಲ್ಲ, ಅತ್ತಿದ್ದು ಅವಳು, ಈ ಗೋಡೆ ಆಚೆ, ಟವಲು ಕಚ್ಚಿಕೊಂಡು. ರೋರಿ ಏನೋ ತಮಾಷೆ ಮಾಡಲು ಹೊರಟವನು ಅವಳ ಮುಖ ನೋಡಿದ, ನೋಡುತ್ತಲೇ ಕಥೆಗೆಂದು ಹಾಕಿದ್ದ ವೇಷದ ಎತ್ತರದ ಟೋಪಿಯನ್ನು ತಲೆಯಿಂದ ತೆಗೆದ. ಕಿಟಕಿಯ ಬಳಿ ಹಳದಿ ಕಾಲುಚೀಲ ಹಿಡಿದು, ಇಡಲೋ ಬೇಡವೋ ಎಂದು ನಿಂತಿದ್ದ ಹೆಂಗಸು ಅದನ್ನು ಹಲಗೆಯ ಮೇಲೆ ಇಟ್ಟಳು, ಹತ್ತಿರ ಬಂದು ಎಫಿಯ ಕೈ ಹಿಡಿದಳು, ಮೆಲ್ಲಗೆ, ಯಾವ ಮಗು ಅಕ್ಕಾ, ಗಂಡಾ, ಹೆಣ್ಣಾ. ಎಫಿ ಬಾಯಿ ತೆರೆದಳು, ಹೇಳಬೇಕು, ಇಷ್ಟು ವರ್ಷಕ್ಕೆ ಯಾರೋ ಒಬ್ಬರು ಕೇಳಿದ್ದಾರೆ, ಗಂಡು, ಇಲ್ಲ, ಹೆಣ್ಣು, ಅವರು ಹೇಳಲಿಲ್ಲ, ಅವಳು ಕೇಳಲಿಲ್ಲ, ಕೂಗಿ ಕೇಳಬೇಕಿತ್ತು, ಗಂಡೋ, ಹೆಣ್ಣೋ, ಸ್ಟೀಲಿನ ಬೋಗುಣಿ, ಬೆನ್ನು, ಬಾಗಿಲು ಆ ಕಡೆ ಈ ಕಡೆ, ಬಿಳಿ ಟವಲು, ಬಿಳಿ ಟವಲು